ಎಂಟರ ನಡುವೆ ಊರಿದ ಕಾಲು

ಗಾಡಿ ಓಡಿಸುವವರನ್ನು ಪರೀಕ್ಷಿಸಿ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ಕಳೆದ ಮಂಗಳವಾರ ನಲವತ್ತು ಜನರ ಎದುರು ತಾವು ನನ್ನನ್ನು ‘ಫೇಲ್’ ಎಂದು ಕೂಗಿದಿರಿ. ಐವತ್ತೊಂಬತ್ತು ವರ್ಷದ ನನಗೆ ಇದು ಮೊದಲ ಫೇಲು. ಆ ಪದದ ಅರ್ಥವನ್ನು ತಮ್ಮಿಂದಲೇ ತಿಳಿಯೋಣವೆಂದು ಬರೆಯುತ್ತಿದ್ದೇನೆ.

ಎಂಟರ ಆಕಾರದ ಗೆರೆಯ ಮೇಲೆ ಸ್ಕೂಟರ್ ಓಡಿಸಬೇಕು, ಕಾಲು ನೆಲಕ್ಕೆ ತಾಗಬಾರದು. ಅರ್ಧ ದಾರಿ ಚೆನ್ನಾಗಿಯೇ ಮುಗಿಸಿದ್ದೆ. ಆಗ ಬೇಲಿಯಾಚೆ ಚಹಾದಂಗಡಿ ಇಟ್ಟಿರುವ ಗೌರಕ್ಕ, ನಮ್ಮ ಹಳೆಯ ನೆರೆಯವರು, ‘ಇಂದೂಬಾಯಿ, ಆರಾಮ ಅದೀರೇನ್ರಿ?’ ಎಂದರು. ಹಿರಿಯರು ಮಾತಾಡಿಸಿದರೆ ಗಾಡಿಯ ಮೇಲಿಂದಲೇ ಗೋಣು ಹಾಕಿ ಹೋಗುವುದನ್ನು ನಮಗೆ ಯಾರೂ ಕಲಿಸಿಲ್ಲ. ಬ್ರೇಕ್ ಹಿಡಿದು, ಕಾಲು ಊರಿ, ‘ಆರಾಮರಿ, ನೀವು?’ ಎಂದೆ. ಅವರು ಮೊಣಕಾಲಿನ ನೋವು ಹೇಳತೊಡಗಿದರು. ತಾವು ಸೀಟಿ ಊದಿದಿರಿ.

ಬೋರ್‌ವೆಲ್ ಫೇಲಾದರೆ ನೀರು ಬರುವುದಿಲ್ಲ. ಬ್ರೇಕ್ ಫೇಲಾದರೆ ಗಾಡಿ ನಿಲ್ಲುವುದಿಲ್ಲ. ನನ್ನ ಗಾಡಿ ನಿಂತಿತು, ಮತ್ತು ನಿಂತದ್ದಕ್ಕೇ ನಾನು ಫೇಲ್! ಹಾಗಾದರೆ ಗೌರಕ್ಕನಿಗೆ ಉತ್ತರ ಕೊಡದೆ ಹೋಗಿದ್ದರೆ ನಾನು ಪಾಸಾಗುತ್ತಿದ್ದೆನೇ? ಎಂಥ ವಿದ್ಯೆಯ ಪರೀಕ್ಷೆ ಸ್ವಾಮಿ ಇದು?

ನಗಬೇಡಿ, ನನಗೆ ಪರವಾನಗಿ ಬೇಕೇ ಬೇಕು. ನನ್ನ ಪತಿ ವೆಂಕಣ್ಣ ವಾರಕ್ಕೆರಡು ದಿನ ಧಾರವಾಡಕ್ಕೆ ಹೋಗಿ ಮಕ್ಕಳಿಗೆ ತಬಲಾ ಕಲಿಸುತ್ತಿದ್ದರು. ಕಣ್ಣು ಮಂಜಾಗಿ ಡಾಕ್ಟರು ಗಾಡಿ ಓಡಿಸುವುದನ್ನು ಬಿಡಿಸಿದರು. ಎರಡು ತಿಂಗಳಿಂದ ಊಟದ ತಟ್ಟೆಯ ಅಂಚಿನ ಮೇಲೆ ಬೆರಳಾಡಿಸುತ್ತ ಮನೆಯಲ್ಲಿ ಕೂತಿದ್ದಾರೆ. ನೋಡಿದರೆ ಸಂಕಟವಾಗುತ್ತದೆ. ಅವರನ್ನು ಹಿಂದೆ ಕೂರಿಸಿಕೊಂಡು ಹೋಗುವವಳು ನಾನೊಬ್ಬಳೇ. ಫೇಲಾದ ಸುದ್ದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: ‘ಗೌರಕ್ಕನ ಮೊಣಕಾಲು ಈಗ ಹ್ಯಾಂಗ ಅದಾವಂತ?’

ಇನ್ನೊಂದು ವಿಷಯ. ಅಂದು ಮಧ್ಯಾಹ್ನ ನಾನಿನ್ನೂ ಆ ಅಂಗಡಿಯಲ್ಲೇ ಕೂತಿದ್ದೆ. ತಾವು ಬೈಕ್ ಹತ್ತಿ ಹೊರಟಿರಿ. ಗೌರಕ್ಕ, ‘ಊಟಕ್ಕ ಹೊಂಟ್ರೇನ್ರಿ ಸಾಹೇಬ್ರ?’ ಎಂದರು. ತಾವು ಗೇಟಿನ ನಟ್ಟನಡುವೆ ಗಾಡಿ ನಿಲ್ಲಿಸಿ, ‘ಹೌದ್ರಿ ಯವ್ವಾ, ನಿಮ್ದಾತೇನ್ರಿ?’ ಎಂದಿರಿ.

ಆದ್ದರಿಂದ ನನ್ನ ಫಾರ್ಮಿನಲ್ಲಿ ಆ ಪದವನ್ನು ಹೊಡೆದುಹಾಕಿ, ‘ಮಾತಾಡಿಸಿದವರಿಗೆ ಉತ್ತರ ಕೊಡಲು ನಿಂತರು’ ಎಂದು ಬರೆಯಿರಿ. ಬರುವ ಮಂಗಳವಾರವೇ ಮತ್ತೆ ಪರೀಕ್ಷಿಸಿರಿ. ಆ ಪದ ಹೊಡೆದುಹಾಕಲು ಆಗದಿದ್ದರೆ ಅಂದು ತಾವೂ ಪರೀಕ್ಷೆಗೆ ನನ್ನ ಹಿಂದೆ ಪಾಳಿಯಲ್ಲಿ ನಿಲ್ಲಬೇಕು. ನಾನು ಊರಿದ್ದು ಒಂದು ಕಾಲು. ತಾವು ಎರಡೂ ಊರಿದ್ದಿರಿ.

ಇಂತಿ,
ಎಂಟರಲ್ಲಿ ಅರ್ಧವನ್ನಾದರೂ ದಾಟಿದ
ಇಂದೂಬಾಯಿ, ಬೈರಿದೇವರಕೊಪ್ಪ