ಖಾಲಿ ಮನೆಯ ಗೆರೆ

ಭಾನುವಾರ, ಮಧ್ಯಾಹ್ನ

ನನ್ನ ತಪ್ಪು ಹುಡುಕುವುದರಲ್ಲಿ ಮಹಾಪಂಡಿತನಾದ ನಿನಗೆ,

ಕ್ಷೇಮ ಸಮಾಚಾರ ಆಮೇಲೆ. ನಾವು ಬೇರೆಯಾಗಿ ವರ್ಷವಾಯಿತು. ಮದುವೆಯ ಹೊಸತರಲ್ಲಿ ಇಬ್ಬರೂ ಸೇರಿ ಬರೆದು ಊರಿಗೆಲ್ಲ ಪುಕ್ಕಟೆ ಹಂಚಿದ ಗ್ರಾಫ್ ಬಿಡಿಸುವ ತಂತ್ರಾಂಶ ಮಾತ್ರ ನಮ್ಮನ್ನು ಬಿಟ್ಟಿಲ್ಲ. ಯಾರಾದರೂ ದೋಷವಿದೆ ಎಂದು ದೂರು ಕೊಟ್ಟರೆ ಇಬ್ಬರೂ ಒಪ್ಪದೆ ಅದನ್ನು ಮುಚ್ಚುವಂತಿಲ್ಲ. ಆ ನಿಯಮ ಮಾಡಿದವಳು ನಾನೇ. ಈಗ ದೂರು ಕೊಟ್ಟವನೇ ನೀನು. ಉತ್ತರವನ್ನು ಎಲ್ಲರೂ ಓದುವ ಕಡೆ ಬರೆಯಲು ನನಗೆ ಧೈರ್ಯ ಬರಲಿಲ್ಲ, ಅದಕ್ಕೇ ಈ ಕಾಗದ.

ತಲೆನೋವೆಂದು ಹೋದರೆ ಡಾಕ್ಟರು ಮನೆಯ ಗಾಳಿ ನೋಡಿಕೋ ಎಂದರಂತೆ. ನೀನು ಗಾಳಿ ಅಳೆಯುವ ಮೂರು ಪೆಟ್ಟಿಗೆ ತಂದು ಅಡುಗೆಮನೆ, ಮಲಗುವ ಕೋಣೆ, ಸಾಮಾನಿನ ಕೋಣೆಗಳಲ್ಲಿ ಇಟ್ಟೆ. ಮುಚ್ಚಿದ ಕೋಣೆಯಲ್ಲಿ ಯಾರಾದರೂ ಉಸಿರಾಡುತ್ತಿದ್ದರೆ ಅದರ ಅಂಕಿ ಏರುತ್ತದೆ, ಇಲ್ಲದಿದ್ದರೆ ಇಳಿಯುತ್ತದೆ. ಅಷ್ಟೇ ಅದರ ವಿದ್ಯೆ. ಆ ಅಂಕಿಗಳನ್ನು ಗೆರೆಯಾಗಿ ಬಿಡಿಸುವುದು ನಮ್ಮ ತಂತ್ರಾಂಶ. "ನಾನು ಕೆಲ್ಸಕ್ಕೆ ಹೋದ್ಮೇಲೂ ಗೆರೆ ಏರ್ತಿದೆ ಕಣೇ. ನಿನ್ನ ಗೆರೆನೇ ಸುಳ್ಳು ಹೇಳ್ತಿದೆ. ಇದೊಂದು ಸರಿಮಾಡಿಬಿಡು, ಮುಂದಿನ ವಾರ ವಕೀಲರ ಹತ್ರ ಸಹಿ ಹಾಕಿ ಎಲ್ಲಾ ಮುಗಿಸೋಣ" ಎಂದು ನೀನು ಬರೆದಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಿನ್ನದೂ ಅದೇ ಕಥೆ ಎಂದು ಬೈದುಕೊಂಡೇ ಕೂತೆ.

ಮೊದಲು ಒಂದು ದೋಷ ಸಿಕ್ಕಿತು, ಒಪ್ಪುತ್ತೇನೆ. ಪೆಟ್ಟಿಗೆ ಅಂಕಿ ಕಳಿಸದ ಹೊತ್ತಿನಲ್ಲಿ ಜಾಗ ಖಾಲಿ ಬಿಡಬೇಕಿತ್ತು. ನನ್ನ ತಂತ್ರಾಂಶ ಆಚೆ ಈಚೆಯ ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆಯುತ್ತಿತ್ತು. ಸರಿಮಾಡಿದೆ. ಆದರೂ ಗೆರೆಯ ಉಬ್ಬು ಹೋಗಲಿಲ್ಲ. ಹಳೆಯ ಲೆಕ್ಕ ಹೊಸದರ ಜೊತೆ ಬೆರೆತಿದೆಯೇನೋ ಎಂದು ಎಲ್ಲ ಅಳಿಸಿ ಮತ್ತೆ ಬಿಡಿಸಿದೆ. ಕೊನೆಗೆ ಗ್ರಾಫ್ ಹಾಳೆ ತಂದು, ಶಾಲೆಯಲ್ಲಿ ಮಾಡಿದ ಹಾಗೆ, ಕೈಯಾರೆ ಚುಕ್ಕಿ ಇಟ್ಟೆ. ಅದೇ ಉಬ್ಬು. ನಮಗೆ ಸಹಾಯ ಮಾಡುವ ಗಣಿತದ ಮೇಷ್ಟ್ರಿಗೆ ಕಳಿಸಿದೆ. "ಗ್ರಾಫ್ ಸರಿಯಾಗೇ ಇದೆಯಮ್ಮಾ. ಮನೇಲಿ ಯಾರೋ ಇದಾರೆ ಅಷ್ಟೇ" ಎಂದು ನಕ್ಕರು.

ನನಗೆ ನಗು ಬರಲಿಲ್ಲ, ಹೊಟ್ಟೆ ಉರಿಯಿತು. ಇನ್ನೊಬ್ಬಳನ್ನು ತಂದಿಟ್ಟುಕೊಂಡು ನನ್ನ ತಂತ್ರಾಂಶವನ್ನು ದೂರುತ್ತಿದ್ದಾನೆ, ಎಂಥ ಭಂಡ ಎಂದುಕೊಂಡೆ. ಅವಳು ಎಷ್ಟು ಹೊತ್ತಿಗೆ ಎಲ್ಲಿರುತ್ತಾಳೆ ನೋಡೋಣವೆಂದು ಮೂರೂ ಗೆರೆಗಳನ್ನು ಒಂದೇ ಹಾಳೆಯ ಮೇಲೆ ಬಿಡಿಸಿದೆ. ನೀನು ಹೊರಟ ಮೇಲೆ ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು. ಆಮೇಲೆ ಎಲ್ಲೂ ಇಲ್ಲ. ಪೆಟ್ಟಿಗೆಯಿಲ್ಲದ ಹೊರಕೋಣೆಯ ಮೇಜಿನ ಬಳಿ ಇರಬೇಕು. ಊಟದ ನಂತರ ಮಲಗುವ ಕೋಣೆ. ಹಾಳೆಯನ್ನು ಇನ್ನೊಮ್ಮೆ ಮೊದಲಿಂದ ನೋಡಿದೆ. ಅದು ಆ ಮನೆಯಲ್ಲಿ ನಾನು ದಿನ ಕಳೆಯುತ್ತಿದ್ದ ಕ್ರಮ.

ಕಾಕತಾಳೀಯ ಅನ್ನುತ್ತೀಯ. ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ, ಸಾಮಾನಿನ ಕೋಣೆಯ ಗೆರೆ ಇಲ್ಲದಿದ್ದರೆ. ಗುರುವಾರ ಸಂಜೆ ಅದು ಸರ್ರನೆ ಏರಿ, ಬಹಳ ಹೊತ್ತು ಮೇಲೇ ನಿಂತಿದೆ. ಅಂದು ನೀನು ವಕೀಲರಿಗೆ ಫೋನು ಮಾಡಿದ್ದೆಯಲ್ಲವೆ? ನಾವು ಜಗಳವಾಡಿದಾಗಲೆಲ್ಲ ನಾನು ಆ ಕೋಣೆಗೆ ಹೋಗಿ, ಹಳೆಯ ಸೂಟ್‌ಕೇಸಿನ ಮೇಲೆ ಕೂತು ಅಳುತ್ತಿದ್ದೆ. ನೀನು ಟಿವಿ ಸದ್ದು ಜೋರು ಮಾಡುತ್ತಿದ್ದೆ, ನಿನಗೆ ತಿಳಿದಿಲ್ಲ. ಅಮ್ಮನಿಗೂ ನಾನು ಹೇಳಿರಲಿಲ್ಲ.

ಇರಲಿ. ಗೆರೆಯಲ್ಲಿ ದೋಷವಿಲ್ಲ, ದೂರನ್ನು ಮುಚ್ಚಲು ಒಪ್ಪಿಗೆ ಕೊಡು. ಸಹಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದೇನೆ, ತಪ್ಪುವುದಿಲ್ಲ. ತಲೆನೋವಿಗೆ ಮಾತ್ರೆ ನುಂಗುವುದನ್ನು ಕಡಿಮೆ ಮಾಡು.

ಇಂತಿ,
ಕಾಗದದ ಮೇಲಾದರೂ ಇನ್ನೂ ನಿನ್ನ ಹೆಂಡತಿ

ತಾ.ಕ.: ಒಂದು ಮಾತು ಬಚ್ಚಿಟ್ಟೆ, ತಡೆಯಲಾಗುತ್ತಿಲ್ಲ. ಪರೀಕ್ಷೆಗೆಂದು ನಿನ್ನಂಥದೇ ಪೆಟ್ಟಿಗೆಯೊಂದನ್ನು ನಾನೂ ಕೊಂಡೆ. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ, ಅದರ ಪಕ್ಕದಲ್ಲೇ ಕೂತು ಇದನ್ನೆಲ್ಲ ಬರೆದೆ. ಗೆರೆ ಏರಲಿಲ್ಲ. ಪೆಟ್ಟಿಗೆ ಕೆಟ್ಟಿರಬೇಕೆಂದು ಪಕ್ಕದ ಮನೆಯಾಕೆಯನ್ನು ಕರೆದು ಕೂರಿಸಿಕೊಂಡು ಹರಟಿದೆ. ಆಕೆ ಇದ್ದಷ್ಟು ಹೊತ್ತೂ ಏರಿತು. ಆಕೆ ಎದ್ದುಹೋದ ಮೇಲೆ ಇಳಿಯತೊಡಗಿತು. ನಾನು ಇಲ್ಲೇ ಕೂತಿದ್ದೇನೆ, ಅದು ಇಳಿಯುತ್ತಲೇ ಇದೆ. ನನಗೆ ಭಯವಾಗುತ್ತಿದೆ ಕಣೋ. ಸಹಿ ಬೇಡ, ವಕೀಲರಿಗೆ ಹೇಳಿಬಿಡು. ಆ ಮನೆಯಲ್ಲಿ ಉಸಿರಾಡುತ್ತಿರುವವಳನ್ನು ಹೇಗಾದರೂ ಮಾಡಿ ಉಳಿಸಿಕೋ, ನಾನು ಬಂದು ಸೇರುವ ತನಕ.