ಗುರುವಾರ ಸಹಿ ಮಾಡಬೇಡ

ಕರಾಸಾಜ್ ಹಳ್ಳಿ
ಮಾರ್ಚ್ ೩, ಭಾನುವಾರ

ನನ್ನ ಓರಗಿತ್ತಿ, ನನ್ನ ಮುದ್ದು ಜಾಡಿರಾ,

ಮಗಳ ಬಾಣಂತನ ಸುಸೂತ್ರವಾಗಿ ನಡೆಯುತ್ತಿದೆಯೆಂದು ಕೇಳಿ ಸಮಾಧಾನವಾಯಿತು. ಮಗುವಿಗೆ ನಿನ್ನದೇ ಮೂಗಂತೆ. ಬರಲಿ. ನಮ್ಮ ಎರಡು ಮನೆಗಳಲ್ಲಿ ನೆಟ್ಟಗಿರುವ ಮೂಗು ಅದೊಂದೇ. ಅದೂ ನಿನಗೇ ಸಿಕ್ಕಿತು, ನಿನ್ನ ಮೊಮ್ಮಗಳಿಗೇ ಹೋಯಿತು.

ಫೋನ್ ಇರುವಾಗ ಕಾಗದವೇಕೆ ಎಂದು ಕೇಳುತ್ತೀ. ಫೋನಿನಲ್ಲಿ ನೀನು ನಗುತ್ತೀ, ನಾನು ಹೇಳಬೇಕಾದದ್ದನ್ನು ಮರೆಯುತ್ತೇನೆ. ನಿನ್ನ ಆ ನಗುವಿಗೆ ಅತ್ತೆ ಸೋತರು, ಊರು ಸೋತಿತು. ಕಾಗದಕ್ಕೆ ನಗು ಕೇಳಿಸುವುದಿಲ್ಲ. ಶಿಮ್ಕೆಂತ್‌ಗೆ ಬರುವ ವ್ಯಾನಿನ ಡ್ರೈವರ್ ಕೈಯಲ್ಲಿ ಇದರ ಜೊತೆ ಒಣಮೊಸರಿನ ಉಂಡೆಗಳ ಡಬ್ಬಿಯನ್ನೂ ಕಳಿಸಿದ್ದೇನೆ. ಬಾಣಂತಿಗೆ ಉಪ್ಪು ಹೆಚ್ಚಾದೀತು, ನೀನೇ ತಿನ್ನು. ತಳದವರೆಗೂ ತಿನ್ನು.

ಈಗ ವಿಷಯಕ್ಕೆ ಬರುತ್ತೇನೆ. ಗುರುವಾರ ನೀನು ಊರಿಗೆ ಬಂದೊಡನೆ ನಿನ್ನ ಗಂಡ, ನಮ್ಮ ಕಿರಿದೊರೆ, ನಿನ್ನನ್ನು ನೋಟರಿಯ ಕಚೇರಿಗೆ ಕರೆದೊಯ್ಯುತ್ತಾನೆ. ಗಂಡನ ಮನೆಯವರ ಹೆಸರು ಹಿಡಿಯಬಾರದೆಂದು ಮದುವೆಯಾಗಿ ಬಂದ ಹೊಸದರಲ್ಲಿ ನಾನೇ ಇಟ್ಟ ಹೆಸರು ಅದು. ಆಗ ಅವನು ಮೂಗು ಸೋರಿಸಿಕೊಂಡು ನನ್ನ ಸೆರಗು ಹಿಡಿದು ಓಡಾಡುತ್ತಿದ್ದ. ಟ್ಯಾಕ್ಸಿ ಓಡಿಸಲು ಕಾರು ತೆಗೆದುಕೊಳ್ಳುತ್ತೇನೆ, ಹೆಂಡತಿಯ ಒಪ್ಪಿಗೆಯ ಸಹಿಯೊಂದು ಬೇಕು ಎಂದು ನಿನಗೆ ಹೇಳಿದ್ದಾನೆ. ಕಾರೂ ಇಲ್ಲ, ಟ್ಯಾಕ್ಸಿಯೂ ಇಲ್ಲ, ಜಾಡಿರಾ. ಆ ಕಾಗದ ಮನೆ ಅಡವಿಡುವ ಕಾಗದ. ಅಡವಿನ ಹಣ ಹೋಗುವುದು ಅವನ ಫೋನಿನೊಳಕ್ಕೆ, ಬಾಜಿಗೆ.

ಇವಳಿಗೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತೀ. ಹೌದು, ಹೊಟ್ಟೆಕಿಚ್ಚೇ. ಆ ಮನೆಯ ಗೋಡೆಗೆ ಸುಣ್ಣ ಬಳಿದವಳು ನಾನು, ಒಲೆ ಕಟ್ಟಿದವಳು ನಾನು, ಅತ್ತೆಯ ಕಾಲು ಒತ್ತಿದವಳು ನಾನು. ನೀನು ಬಂದೆ, ಕಿರಿಯ ಮಗನಿಗೆ ತಂದೆಯ ಮನೆ ಎಂದು ನಾವು ಹಾಸಿಗೆ ಸುತ್ತಿಕೊಂಡು ಹೊರಟೆವು. ಅದು ನಮ್ಮ ಪದ್ಧತಿ, ಯಾರ ತಪ್ಪೂ ಅಲ್ಲ. ಅತ್ತೆ ತಮ್ಮ ಬೆಳ್ಳಿ ಬಳೆಗಳನ್ನೂ ಬಿಚ್ಚಿ ನಿನ್ನ ಕೈಗೆ ಹಾಕಿದರಲ್ಲ, ಅದು ಯಾವ ಪದ್ಧತಿ? ಇವತ್ತಿಗೂ ನಿನ್ನ ಮನೆಯ ಹೊಸ್ತಿಲು ದಾಟುವಾಗ ನನ್ನ ಕಣ್ಣು ಒಂದೊಂದು ಸಾಮಾನನ್ನೂ ಮುಟ್ಟಿಯೇ ಒಳಗೆ ಹೋಗುತ್ತದೆ. ನೀನು ಗಮನಿಸಿರಲಾರೆ. ಇದ್ದವರಿಗೆ ಆ ಚಟವಿರುವುದಿಲ್ಲ.

ಊರಿಗೆಲ್ಲ ಕಾಣದ್ದು ನನಗೆ ಕಂಡದ್ದು ಹಾಗೆ.

ಮೊದಲು ಕಂಡದ್ದು ಸರ್ಕಿತ್, ಔತಣ ಮುಗಿದ ಮೇಲಿನ ಬುತ್ತಿ. ಅವನು ಫುಟ್‌ಬಾಲ್ ಪಂದ್ಯದ ಮೇಲೆ ಬಾಜಿ ಗೆದ್ದಾಗಲೆಲ್ಲ ಕುರಿ ಕಡಿದು ಊರು ಕರೆಯುತ್ತಿದ್ದನಲ್ಲ. ಹಿರಿಯರು ಅಂಗೈ ಎತ್ತಿ, ಇದು ಹೀಗೇ ಬರುತ್ತಿರಲಿ ಎಂದು ಹರಸುತ್ತಿದ್ದರು. ಫೋನಿನ ಬಾಜಿಗೆ ಆಶೀರ್ವಾದ. ಹೊರಡುವಾಗ ನೀನು ಎಲ್ಲರಿಗೂ ಔತಣದ ಸರ್ಕಿತ್ ಕಟ್ಟಿಕೊಡುತ್ತಿದ್ದೆ. ನಾನು ಅದನ್ನು ತಂದು ನಮ್ಮವರ ಮುಂದಿಟ್ಟು, "ತಿನ್ನಿ, ತಮ್ಮನ ಅದೃಷ್ಟ ಒಂದ್ ಚೂರಾದ್ರೂ ನಿಮಗೂ ಹತ್ತಲಿ" ಎನ್ನುತ್ತಿದ್ದೆ. ಮೊದಮೊದಲು ಆ ಪೊಟ್ಟಣದಲ್ಲಿ ಕುರಿಯ ಜೊತೆಗೆ ಕುದುರೆ ಮಾಂಸದ ದಪ್ಪ ದಪ್ಪ ತುಂಡುಗಳೂ ಇದ್ದವು. ಹೊಸ ವರ್ಷದ ಹೊತ್ತಿಗೆ ಅಂಗಡಿ ಬಿಸ್ಕತ್ತು. ಆದರೂ ಔತಣ ನಿಲ್ಲಲಿಲ್ಲ. ಗೆದ್ದರೆ ಊರೂಟ, ಸೋತರೆ ಯಾರಿಗೂ ಸುದ್ದಿಯಿಲ್ಲ. ನಾವೆಲ್ಲ ಅವನು ಗೆದ್ದದ್ದನ್ನು ಮಾತ್ರ ಉಂಡೆವು, ಅವನು ಸೋಲುವುದೇ ಇಲ್ಲವೆಂದು ನಂಬಿದೆವು.

ಆಮೇಲೆ ಗೋಡೆಯ ಕೆಂಪು ಜಮಖಾನೆ. ನೀನು ತವರಿನಿಂದ ತಂದದ್ದು, ಅದರ ಮೇಲೂ ನನಗೆ ಕಣ್ಣಿತ್ತು. ಎಲ್ಲಿ ಎಂದು ಕೇಳಿದರೆ ತೊಳೆಯಲು ಕೊಟ್ಟಿದ್ದಾನಂತೆ. ಜನವರಿಯಲ್ಲಿ ಜಮಖಾನೆ ಒಗೆಯುವ ಹುಚ್ಚ ಯಾರು? ಕಂದು ಬಣ್ಣದ ಹೆಣ್ಣುಗುದುರೆ ಹುಲ್ಲುಗಾವಲಿಗೆ ಹೋಗಿದೆಯಂತೆ, ಹಿಮದಲ್ಲಿ. ನೀನು ಮುಗ್ಧೆ, ನಂಬಿದೆ. ನಾನು ನಂಬಲಿಲ್ಲ.

ನೀನು ಶಿಮ್ಕೆಂತ್‌ಗೆ ಹೋದ ಮೇಲೆ ಅವನು ನಮ್ಮಲ್ಲೇ ಉಣ್ಣುತ್ತಾನೆ. ಮಾಂಸ ಆರಿ ಕೊಬ್ಬು ಹೆಪ್ಪುಗಟ್ಟಿದರೂ ಕೈ ಹಾಕುವುದಿಲ್ಲ, ಊಟದ ಬಟ್ಟೆಯ ಕೆಳಗೆ ಫೋನ್ ಹಿಡಿದಿರುತ್ತಾನೆ. ಒಂದು ದಿನ ಯಾವುದೋ ದೇಶದ ಹೆಂಗಸರ ಟೆನಿಸ್ ಮೇಲೆ ಹಾಕಿದ್ದ. ನಮ್ಮವರು, "ಆ ಹುಡುಗಿ ಯಾರು, ನಿನ್ನ ಬೀಗರ ಕಡೆಯವಳಾ?" ಎಂದು ಕೆಣಕಿದರು. ನಗಲಿಲ್ಲ. ತಟ್ಟೆ ನೂಕಿ ಎದ್ದು ಹೋದ. ನಮ್ಮ ಕಿರಿದೊರೆ ಅಣ್ಣನ ತಮಾಷೆಗೆ ಸಿಟ್ಟಾದದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ನಮ್ಮವರೂ ಆಡುತ್ತಾರೆ, ನಿನಗೆ ಗೊತ್ತು. ಭಾನುವಾರ ಒಂದೇ ಪಂದ್ಯ, ಒಂದು ತಟ್ಟೆ ಲಗ್ಮನ್ ನೂಡಲ್ಸಿನ ದುಡ್ಡು, ಅಷ್ಟೇ. ಸೋತರೆ "ತಿಂದೆ, ಅರಗಿತು" ಎಂದು ಫೋನ್ ಕಿಟಕಿಯಲ್ಲಿಟ್ಟು ಕುದುರೆಗೆ ಮೇವು ಹಾಕಲು ಹೋಗುತ್ತಾರೆ. ನಿಮ್ಮ ತಮ್ಮ ಕುರಿ ಗೆಲ್ಲುತ್ತಾನೆ, ನೀವು ಮೂಳೆಯನ್ನೂ ಗೆಲ್ಲುವುದಿಲ್ಲ ಎಂದು ನಾನು ಹಂಗಿಸಿದ್ದೇ ಹಂಗಿಸಿದ್ದು. ಈಗ ನೋಡಿದರೆ ವ್ಯತ್ಯಾಸ ದುಡ್ಡಿನದಲ್ಲ. ಇವರು ಸೋತದ್ದನ್ನು ಹೋಗಲು ಬಿಡುತ್ತಾರೆ. ಅವನು ಸೋತದ್ದನ್ನು ಹಿಂದಕ್ಕೆ ತರಲು ಹೊರಡುತ್ತಾನೆ, ಹೋದಲ್ಲೇ ಇನ್ನಷ್ಟು ಬಿಟ್ಟು ಬರುತ್ತಾನೆ.

ಮೊನ್ನೆ ಅಣ್ಣನ ಹತ್ತಿರ ಬಂದು, ಗುರುವಾರ ನಿನಗೆ ಎರಡು ಮಾತು ಹೇಳಿ ಸಹಿ ಮಾಡಿಸಬೇಕೆಂದು ಕೇಳಿಕೊಂಡ. ಅಣ್ಣ ಗದರಿದಾಗ ಎಲ್ಲ ಬಾಯಿಬಿಟ್ಟ. "ಇನ್ನೊಂದೇ ಸಲ, ಅಣ್ಣಾ. ಹೋದದ್ದು ವಾಪಸ್ ಬಂದ್ರೆ ಮುಟ್ಟಲ್ಲ. ಬಿಡಬೇಕು ಅಂದ್ರೆ ಇವತ್ತೇ ಬಿಡ್ತೀನಿ" ಎಂದ. ನಾನು ಚಹಾ ಬಗ್ಗಿಸುತ್ತಿದ್ದವಳು, "ಹಂಗಾದ್ರೆ ಇವತ್ತೇ ಬಿಡಪ್ಪ, ಚಹಾ ಆರೋದ್ರೊಳಗೆ" ಎಂದೆ.

ಆಗ ಅವನು ನನ್ನ ಕಡೆ ತಿರುಗಿ ಹೇಳಿದ: "ಅತ್ತಿಗೆ, ನಿಮಗೆ ಮೊದಲಿಂದ್ಲೂ ನಮ್ಮ ಮನೆ ಮೇಲೆ ಕಣ್ಣು."

ನನ್ನ ಸೆರಗು ಹಿಡಿದು ಬೆಳೆದವನು. ನಾನೇನೂ ಇಲ್ಲವೆನ್ನಲಿಲ್ಲ. "ಹೌದು ಕಣಪ್ಪ, ಕಣ್ಣಿದೆ. ಅದಕ್ಕೇ ಕಂಡಿದ್ದು" ಎಂದೆ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮಣಿಕಟ್ಟಿನ ಹತ್ತಿರ, ಹೊಲಿಗೆ ಬಿಟ್ಟ ಅಂಗಿ ತೋಳಿನ ಅಂಚು ಕಂಡಿತು. ನೀನಿದ್ದಿದ್ದರೆ ಹೊಲಿದಿರುತ್ತಿದ್ದೆ ಎನ್ನಿಸಿ ಅಲ್ಲೂ ನನಗೆ ಒಂದಿಷ್ಟು ಕಿಚ್ಚಾಯಿತು.

ಊರಿನ ದವಾಖಾನೆಯ ಗುಲ್ಸಿಮ್‌ಳನ್ನು ಕೇಳಿದೆ. ಇದು ಕುಡಿತದ ಹಾಗೆ ಒಂದು ಕಾಯಿಲೆ, ಬೈದರೆ ಹೋಗುವುದಿಲ್ಲ, ದುಡ್ಡು ಕೊಟ್ಟರೆ ಹೆಚ್ಚುತ್ತದೆ ಎಂದಳು. ತರಾಜ್‌ನಲ್ಲಿ ಇದಕ್ಕೆ ವೈದ್ಯರಿದ್ದಾರಂತೆ. ಆಡುವವನೇ ಸರ್ಕಾರಕ್ಕೆ ಅರ್ಜಿ ಹಾಕಿ, ನನ್ನನ್ನು ಯಾವ ಬಾಜಿಗೂ ಸೇರಿಸಬೇಡಿ ಎಂದು ತನಗೆ ತಾನೇ ಬಾಗಿಲು ಹಾಕಿಕೊಳ್ಳಬಹುದಂತೆ. ಹಾಕಿದ ಮೇಲೆ ಮನಸ್ಸಾದಾಗ ತೆಗೆಯಲು ಬರುವುದಿಲ್ಲವಂತೆ. ಆದರೆ ಅದನ್ನು ಅವನೇ ಮಾಡಬೇಕು. ಅಣ್ಣ ಹೇಳಿದರೆ ತಲೆಯಾಡಿಸುತ್ತಾನೆ, ನಾನು ಹೇಳಿದರೆ ಕೋಪಿಸಿಕೊಳ್ಳುತ್ತಾನೆ. ನೀನು ಹೇಳಿದರೆ ಮಾಡುತ್ತಾನೆ. ಇದನ್ನು ಬರೆಯುವಾಗ ನನ್ನ ಪೆನ್ನು ಎಷ್ಟು ಒತ್ತಿದೆ ನೋಡು, ಹಾಳೆಯ ಹಿಂಬದಿಗೂ ಮೂಡಿದೆ.

ಆದ್ದರಿಂದ ಗುರುವಾರ ನೋಟರಿಯ ಹತ್ತಿರ ಹೋಗಬೇಡ. ನೇರ ನಮ್ಮ ಮನೆಗೆ ಬಾ. ನೂಡಲ್ಸ್‌ಗೆ ಹಿಟ್ಟು ನಾದಿಟ್ಟಿರುತ್ತೇನೆ. ಅಣ್ಣ ಅವನನ್ನು ಕರೆತರುತ್ತಾರೆ. ಅವನು ಅಳಬಹುದು, ಬಾಗಿಲು ಬಡಿದು ಹೋಗಬಹುದು. ಹೋದರೆ ಹೋಗಲಿ, ಮತ್ತೆ ಬರುತ್ತಾನೆ. ನೀನು ಪೆನ್ನು ಮಾತ್ರ ಮುಟ್ಟಬೇಡ. ಆ ಮನೆ ನಿನ್ನ ಕೈಯಲ್ಲಿರುವುದನ್ನು ನೋಡಿ ಹೊಟ್ಟೆ ಉರಿಸಿಕೊಂಡೇ ನಾನು ಇಷ್ಟು ಮುದುಕಿಯಾದೆ. ಯಾರೋ ಗುರುತಿಲ್ಲದವರು ಅದರ ಹೊಸ್ತಿಲಲ್ಲಿ ನಿಂತರೆ ನನಗೆ ಉರಿಸಿಕೊಳ್ಳಲೂ ಏನೂ ಉಳಿಯುವುದಿಲ್ಲ.

ಮಗುವಿನ ಹಣೆಗೆ ನನ್ನ ಮುತ್ತು. ನಿನಗೂ ಒಂದು, ಚಿಕ್ಕದು.

ನಿನ್ನ ಮೇಲೆ ಎಂದೂ ಕಣ್ಣಿಟ್ಟಿರುವ
ಅಕ್ಕ ಉಮ್ಸಿನ್

ಮರೆತಿದ್ದೆ: ಅತ್ತೆಯ ಬಳೆಗಳು ಪೆಟ್ಟಿಗೆಯಲ್ಲಿವೆ ಎಂದುಕೊಂಡಿದ್ದೀಯಲ್ಲ, ಇರಲಿಲ್ಲ. ಸಂತೆಬೀದಿಯ ಅಡವಿನಂಗಡಿಯ ಗಾಜಿನ ಹಿಂದೆ ಇದ್ದವು. ಹಾಲಿನ ಬಕೆಟ್ಟಿಗೆ ಬಡಿದು ಆದ ತಗ್ಗು ನನಗೆ ದೂರದಿಂದಲೇ ಗುರುತಾಯಿತು. ನನ್ನ ಕಪ್ಪು ಕಡಸನ್ನು ಮಾರಿದೆ. ಬಳೆಗಳು ಒಣಮೊಸರಿನ ಡಬ್ಬಿಯ ತಳದಲ್ಲಿ ಬಟ್ಟೆಯಲ್ಲಿ ಸುತ್ತಿವೆ. ಕಳಿಸುವ ಮುಂಚೆ ಎರಡು ದಿನ ಹಾಕಿಕೊಂಡಿದ್ದೆ, ಹಾಲು ಕರೆಯುವಾಗಲೂ ತೆಗೆಯಲಿಲ್ಲ. ನನ್ನ ಕೈಗೇ ಚೆನ್ನಾಗಿ ಕೂರುತ್ತವೆ, ಜಾಡಿರಾ. ಇದನ್ನು ನಿನಗೆ ಹೇಳದೆ ಇರಲಾಗಲಿಲ್ಲ.