ಹರಳಿನ ಹಿಂದಿನ ನೆರಳು

ಲಕ್ಷ್ಮೇಶ್ವರ
೧೨ ನವೆಂಬರ್ ೨೦೨೪

ಗೆಳೆಯ ಅಯ್ಯೂಬ,

ಅಸುಂಡಿಯ ನಾಟಿ ವೈದ್ಯ ಹುಚ್ಚೀರಪ್ಪ ನನ್ನ ಅವ್ವನ ಗದ್ದದ ಕೆಳಗೆ ಕಾಸಿದ ಅರಿಶಿನ ಕೊಂಬಿನಿಂದ ಎರಡು ಸಲ ಬರೆ ಹಾಕಿದ್ದಾನೆ. ನಿನ್ನ ಪತ್ರಗಳಿಗೆ ಉತ್ತರ ಬರೆಯದಿದ್ದುದಕ್ಕೆ ಇದೇ ಕಾರಣ, ಸಿಟ್ಟಾಗಬೇಡ. ಮುಂಡರಗಿಯಲ್ಲಿ ನಿಮ್ಮ ಮನೆಯವರೆಲ್ಲ ಕ್ಷೇಮವೆಂದುಕೊಂಡಿದ್ದೇನೆ.

ಆರು ತಿಂಗಳಿಂದ ಅವ್ವ ಊಟಕ್ಕೆ ಕುಳಿತರೆ ಸಾಕು, ಬಲಗದ್ದದ ಕೆಳಗೆ ಬಾವು ಏಳುತ್ತಿತ್ತು, ಒಂದು ತಾಸಿಗೆ ಇಳಿಯುತ್ತಿತ್ತು. ಉಪ್ಪುನೀರು ಮುಕ್ಕಳಿಸು ಎಂದಿದ್ದೆ. ಅವಳು ನನಗೆ ಹೇಳದೆ ಅಸುಂಡಿಗೆ ಹೋದಳು. "ಗದ್ದಬಾವು ಐತಿಬೇ, ಬರಿ ಹಾಕಿದ್ರ ಹಾರಿ ಹೋಗತೈತಿ" ಎಂದನಂತೆ ಆತ. ಸುಟ್ಟ ಜಾಗ ಕೀವಾಯಿತು. ಬಾಯಿ ತೆರೆಯದಾದಾಗ ಬೆಟಗೇರಿಯ ಆಸ್ಪತ್ರೆಗೆ ಕರೆದೊಯ್ದೆ.

ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರ್ ಶೈಲಾ ಗದ್ದಕ್ಕೆ ತಣ್ಣನೆಯ ಜೆಲ್ ಹಚ್ಚಿ, ಅವ್ವನ ನಾಲಿಗೆಯ ಮೇಲೆ ನಿಂಬೆಯ ತೆಳು ಹೋಳಿಟ್ಟು, "ಚೀಪ್ರಿ" ಅಂದರು.

"ಉಪ್ಪು ಇಲ್ಲೇನ್ರಿ?" ಎಂದಳು ಅವ್ವ, ಆ ನೋವಿನಲ್ಲೂ.

ಪರದೆಯ ಮೇಲೆ ಜೊಲ್ಲಿನ ಗ್ರಂಥಿ ಊದಿಕೊಂಡಿತ್ತು. ನಿಂಬೆಯ ಹುಳಿಗೆ ಜೊಲ್ಲು ತುಂಬಿ, ಅದು ಹರಿಯುವ ಕೊಳವೆ ನೋಡನೋಡುತ್ತ ಹಿಗ್ಗಿತು. ಅದರೊಳಗೆ ಜೋಳದ ಕಾಳಿನಷ್ಟು ಬಿಳಿ ಹರಳು, ಹರಳಿನ ಹಿಂದೆ ಉದ್ದನೆಯ ಕಪ್ಪು ನೆರಳು.

"ಕಳ್ಳ ಇಲ್ಲಿ ಕುಂತಾನ ನೋಡ್ರಿ. ಮೊದ್ಲ ಬಂದಿದ್ರ ಬಾಯೊಳಗಿಂದನ ತಗೀತಿದ್ವಿ. ಈಗ ಗ್ರಂಥಿನ ತಗೀಬೇಕು. ತುಟಿ ನರ ಅಲ್ಲೇ ಐತಿ, ತುಟಿ ಸೊಟ್ಟ ಆದ್ರೂ ಆಗಬಹುದು" ಎಂದರು ಡಾಕ್ಟರ್.

ಆಪರೇಷನ್ ಇದೇ ಇಪ್ಪತ್ತಕ್ಕೆ.

ಹುಚ್ಚೀರಪ್ಪ ಕ್ಷಮೆ ಕೇಳುವುದು ನನಗೆ ಬೇಡ. ರವಿವಾರ ಅವನ ಕಟ್ಟೆಯ ಮುಂದೆ ಜನ ಸಾಲುಗಟ್ಟುತ್ತಾರೆ. ಆ ಸಾಲಿನ ಎದುರು ಸ್ಕ್ಯಾನಿನ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಹಿಡಿಯುತ್ತೇನೆ. ಹರಳು ಎಲ್ಲಿತ್ತು, ಬರೆ ಎಲ್ಲಿ ಬಿತ್ತು ಎಂದು ಅವನೇ ಬೆರಳಿಟ್ಟು ತೋರಿಸಬೇಕು. ಅವನ ಮುಖ ಬಾಡುವುದನ್ನು ನಾನು ಕಣ್ಣಾರೆ ನೋಡಬೇಕು.

ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ. ನಿನಗೆ ಒಳ್ಳೆಯದಾಗಲಿ.

ನಿನ್ನ
ನೇತ್ರಾ

ತಾ.ಕ. (೧೩ ನವೆಂಬರ್): ಪತ್ರ ಅಂಚೆಗೆ ಹಾಕುವ ಮುನ್ನ ಒಬ್ಬಳೇ ಅಸುಂಡಿಗೆ ಹೋಗಿ ಬಂದೆ. ಹುಚ್ಚೀರಪ್ಪ ಕೂಗಾಡಲಿಲ್ಲ. "ಮೊದಲ್ನೇ ಬರಿಗೆ ಇಳೀಲಿಲ್ಲ ಅಂದಾಗ, ದವಾಖಾನಿಗೆ ಹೋಗಬೇ ಅಂದ್ನಿ. ಮಗಳು ಬ್ಯಾಡ ಅಂದಾಳ ಅಂತ ನಿಮ್ಮವ್ವ ಇದನ್ನ ತೋರ್ಸಿ ಇಲ್ಲೇ ಬಿಟ್ಟು ಹೋದ್ಲು" ಎಂದು ಮಡಚಿದ ಕಾಗದ ಚಾಚಿದ. ನಮ್ಮದೇ ಕರಪತ್ರ. 'ಸ್ಕ್ಯಾನಿಂಗ್ ಬಡವರ ಸುಲಿಗೆ' ಎಂದು ಬರೆದವಳು ನಾನು, ಅಚ್ಚು ಹಾಕಿಸಿದವನು ನೀನು. ಓದು ಬಾರದ ಅವ್ವನಿಗೆ ಅದನ್ನು ಎರಡೆರಡು ಸಲ ಓದಿ ಹೇಳಿದ್ದೆ.

ಉಳಿದ ಕರಪತ್ರಗಳನ್ನೆಲ್ಲ ತಾ. ಜನರ ಮುಂದೆ ಮೊದಲು ಅದನ್ನು ನಾನೇ ಓದುತ್ತೇನೆ, ಆಮೇಲೆ ಚಿತ್ರದ ಮೇಲೆ ಬೆರಳಿಡುವ ಸರದಿ ಅವನದು. ಕರಪತ್ರಗಳನ್ನೆಲ್ಲ ಅವನ ಬರೆ ಕಾಸುವ ಕೆಂಡಕ್ಕೇ ಹಾಕೋಣ, ಸುಟ್ಟ ಮೇಲೆ ಕೆಂಡಕ್ಕೆ ನೀರು ಹಾಕೋಣ. ಅಸುಂಡಿ ಬಸ್ ನಿಲ್ದಾಣ, ರವಿವಾರ ಹದಿನೇಳು, ಬೆಳಿಗ್ಗೆ ಒಂಬತ್ತಕ್ಕೆ.